ಹೋಗಿ ಬರುತ್ತೇನೆ ಎನ್ನುವ ಮೊದಲು: ವಿದೇಶದಲ್ಲಿ ವಿನಿಮಯ ಸೆಮಿಸ್ಟರ್ ಮುಗಿಸಿ ಹೊರಡುವವರಿಗೆ

ತುಮರಿ ಕಡೆಯವರಿಗೆ ಹೊರಡುವ ಹೊತ್ತಿನ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. 2025ರ ಜುಲೈಯಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ ಸೇತುವೆ ಸಂಚಾರಕ್ಕೆ ತೆರೆಯುವವರೆಗೂ ನಾವು ಸಾಗರಕ್ಕೆ ಹೋಗಬೇಕೆಂದರೆ ಶರಾವತಿಯ ಹಿನ್ನೀರನ್ನು ಲಾಂಚಿನಲ್ಲಿ ದಾಟಬೇಕಿತ್ತು. ಸಂಜೆಯ ಕೊನೆಯ ಲಾಂಚು ತಪ್ಪಿತೆಂದರೆ ಆ ದಿನದ ಪ್ರಯಾಣವೇ ತಪ್ಪಿದಂತೆ. ಆದ್ದರಿಂದ ನೆಂಟರು ಹೊರಡುವ ಹಿಂದಿನ ರಾತ್ರಿಯೇ ಮುಖ್ಯವಾದ ಮಾತುಗಳೆಲ್ಲ ಮುಗಿದಿರುತ್ತಿದ್ದವು, ಕೊಡುವುದು ತೆಗೆದುಕೊಳ್ಳುವುದು ಆಗಿರುತ್ತಿತ್ತು. ಲಾಂಚು ಹತ್ತುವ ಹೊಳೆಬಾಗಿಲಿನಲ್ಲಿ ನಿಂತು ಕೈ ಎತ್ತುವುದೊಂದೇ ಉಳಿದಿರುತ್ತಿತ್ತು.

ಇಷ್ಟು ಕಲಿತು ಬೆಳೆದವಳು ಜರ್ಮನಿಯ ಪೂರ್ವ ಭಾಗದ ಒಂದು ಊರಿನಲ್ಲಿ ಒಂದು ಚಳಿಗಾಲದ ಸೆಮಿಸ್ಟರ್ ಓದಿ ಹಿಂದಿರುಗುವಾಗ ಆ ಲೆಕ್ಕವನ್ನು ಪೂರ್ತಿ ಮರೆತೆ. ಕೊನೆಯ ಹತ್ತು ದಿನ ಕಚೇರಿಗಳ ಬಾಗಿಲಿನಲ್ಲಿಯೂ ಸೂಟ್‌ಕೇಸಿನ ಮುಂದೆಯೂ ಕಳೆದುಹೋದವು. ಹೇಳಿ ಹೊರಡಬೇಕಾಗಿದ್ದ ಕೆಲವರ ಮುಖವನ್ನು ಮತ್ತೆ ನೋಡದೆಯೇ ವಿಮಾನ ಹತ್ತಿದೆ. ಈಗ ಶಿವಮೊಗ್ಗದಲ್ಲಿದ್ದೇನೆ. ವಿನಿಮಯ ಕಾರ್ಯಕ್ರಮಕ್ಕೆ ಹೊರಡುವ ವಿದ್ಯಾರ್ಥಿಗಳು ಆಗಾಗ ಬಂದು ಯಾವ ಜಾಕೆಟ್ ತೆಗೆದುಕೊಂಡು ಹೋಗಬೇಕು, ಕುಕ್ಕರ್ ಬೇಕೇ ಎಂದೆಲ್ಲ ಕೇಳುತ್ತಾರೆ, ಆದರೆ ಹಿಂದಿರುಗುವಾಗ ಹೇಗೆ ಹೊರಡಬೇಕು ಎಂದು ಕೇಳಿದವರು ಇಲ್ಲ. ಈ ಲೇಖನ ಆ ಕೇಳದ ಪ್ರಶ್ನೆಗೆ ಉತ್ತರ. ಕಚೇರಿಯ ವಿವರಗಳು ಜರ್ಮನಿಯವು. ಬೇರೆ ದೇಶದಲ್ಲಿರುವವರು ಆಯಾ ಊರಿನ ನಿಯಮವನ್ನು ನೋಡಿಕೊಳ್ಳಬೇಕು. ಜನರ ವಿಷಯದಲ್ಲಿ ಹೇಳಿರುವುದು ಬಹುಮಟ್ಟಿಗೆ ಎಲ್ಲೆಡೆಗೂ ಹೊಂದುತ್ತದೆ.

ಮೊದಲ ಹೆಜ್ಜೆ: ಆರು ವಾರ ಮೊದಲೇ ಒಂದು ಪಟ್ಟಿ

ನಿಮ್ಮ ವಿಮಾನದ ದಿನಾಂಕವೇ ವಿದಾಯದ ದಿನಾಂಕ ಎಂದು ತಿಳಿಯಬೇಡಿ. ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ಸೆಮಿಸ್ಟರ್ ಕಾಗದದ ಮೇಲೆ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ ಇರುತ್ತದೆಯಾದರೂ ಪಾಠಗಳು ಫೆಬ್ರವರಿಯ ಮೊದಲರ್ಧದಲ್ಲಿಯೇ ಮುಗಿಯುತ್ತವೆ. ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗಿನ ಬೇಸಿಗೆಯ ಸೆಮಿಸ್ಟರಿನಲ್ಲಿ ಪಾಠ ಮುಗಿಯುವುದು ಜುಲೈಯಲ್ಲಿ. ಪಾಠ ಮುಗಿದ ಮರುದಿನದಿಂದ ಊರು ಖಾಲಿಯಾಗತೊಡಗುತ್ತದೆ. ಕೆಲವರು ತಂದೆತಾಯಿಯ ಮನೆಗೆ ಹೋಗುತ್ತಾರೆ, ಕೆಲವರು ಕಂಪನಿಗಳಲ್ಲಿ ತರಬೇತಿಗೆ ಸೇರುತ್ತಾರೆ, ಪ್ರಾಧ್ಯಾಪಕರು ಸಮ್ಮೇಳನಗಳಿಗೆ ಹೊರಡುತ್ತಾರೆ. ನೀವು ಮಾರ್ಚ್ 28ಕ್ಕೆ ಟಿಕೆಟ್ ಮಾಡಿಸಿಕೊಂಡು ಮಾರ್ಚ್ 20ಕ್ಕೆ ವಿದಾಯ ಹೇಳಲು ಹೊರಟರೆ ಬಾಗಿಲು ತೆರೆಯುವವರೇ ಇರುವುದಿಲ್ಲ.

ಆದ್ದರಿಂದ ಒಂದು ಹಾಳೆಯಲ್ಲಿ ಎಡಗಡೆ ಹೆಸರುಗಳನ್ನೂ ಬಲಗಡೆ ಆ ವ್ಯಕ್ತಿ ಊರಿನಲ್ಲಿರುವ ಕೊನೆಯ ದಿನವನ್ನೂ ಬರೆದುಕೊಳ್ಳಿ. ಆ ದಿನವನ್ನು ಅವರನ್ನೇ ಕೇಳಬೇಕು. ನಮ್ಮ ಕಡೆ ಹೀಗೆ ಕೇಳಿದರೆ ಅಷ್ಟು ಚೆನ್ನಾಗಿರುವುದಿಲ್ಲ, ಸುಮ್ಮನೆ ಮನೆಗೆ ಹೋಗಿಬಿಡುತ್ತೇವೆ. ಅಲ್ಲಿ ಹೇಳದೆ ಹೋಗುವುದೇ ಚೆನ್ನಾಗಿರುವುದಿಲ್ಲ. ಕಾಫಿಗೆ ಕರೆಯುವುದಾದರೂ ದಿನ, ಗಂಟೆ, ಜಾಗ ಮೂರನ್ನೂ ಗೊತ್ತು ಮಾಡಿಕೊಳ್ಳುವುದು ಅಲ್ಲಿಯ ರೂಢಿ, ಕೊನೆಯ ತಿಂಗಳಲ್ಲಿ ಎಲ್ಲರ ಸಂಜೆಗಳೂ ಬೇಗ ತುಂಬಿಹೋಗುತ್ತವೆ.

ಪಟ್ಟಿಯಲ್ಲಿ ಗೆಳೆಯರ ಹೆಸರನ್ನು ಯಾರೂ ಬಿಡುವುದಿಲ್ಲ. ಬಿಟ್ಟುಹೋಗುವುದು ಬೇರೆಯವರ ಹೆಸರು: ಪ್ರಯೋಗಾಲಯದ ಬೀಗ ತೆರೆದುಕೊಡುತ್ತಿದ್ದವರು, ಗ್ರಂಥಾಲಯದ ಕೌಂಟರಿನವರು, ಮೂಲೆಯ ಬೇಕರಿಯಲ್ಲಿ ನಿಮ್ಮ ಮುರುಕಲು ಜರ್ಮನ್ ಭಾಷೆಯನ್ನು ತಾಳ್ಮೆಯಿಂದ ಕೇಳಿಸಿಕೊಂಡವರು, ಮೆಟ್ಟಿಲಿನಲ್ಲಿ ದಿನವೂ ಎದುರಾಗುತ್ತಿದ್ದ ನೆರೆಯವರು. ಇವರ ಹೆಸರು ಗೊತ್ತಿಲ್ಲದಿದ್ದರೆ ಕೆಲಸವನ್ನೇ ಬರೆದುಕೊಳ್ಳಿ. ಇವರಿಗೆ ಐದು ನಿಮಿಷ ಸಾಕು, ಆದರೆ ಆ ಐದು ನಿಮಿಷ ಪಟ್ಟಿಯಲ್ಲಿ ಇರದಿದ್ದರೆ ಸಿಗುವುದಿಲ್ಲ.

ಎರಡನೆಯ ಹೆಜ್ಜೆ: ಕಾಗದಪತ್ರ

ಕಾಗದಪತ್ರದ ಕೆಲಸವನ್ನು ಇಲ್ಲಿ ಹೇಳುತ್ತಿರುವುದಕ್ಕೆ ಕಾರಣ ಒಂದೇ. ಅದು ಮುಗಿಯದಿದ್ದರೆ ಜನರಿಗೆ ಕೊಡಬೇಕಾದ ಹೊತ್ತನ್ನು ಅದು ತಿಂದುಹಾಕುತ್ತದೆ. ಯುರೋಪಿನ ಎರಾಸ್ಮಸ್ ಎಂಬ ವಿದ್ಯಾರ್ಥಿ ವಿನಿಮಯ ಯೋಜನೆ ಆರಂಭವಾದದ್ದು 1987ರಲ್ಲಿ, ಅಂದರೆ ಶಂಕರಘಟ್ಟದ ನಮ್ಮ ಕುವೆಂಪು ವಿಶ್ವವಿದ್ಯಾಲಯದಷ್ಟೇ ವಯಸ್ಸು ಅದಕ್ಕೆ. ಅಂದಿನಿಂದ ವಿದ್ಯಾರ್ಥಿಗಳು ಬರುವುದು ಹೋಗುವುದು ನಡೆದೇ ಇರುವುದರಿಂದ ಅಲ್ಲಿಯ ಅಂತರರಾಷ್ಟ್ರೀಯ ಕಚೇರಿಗಳಿಗೆ ಹೊರಡುವವರ ಕ್ರಮ ಬಾಯಿಪಾಠವಾಗಿದೆ. ನೀವು ಸಮಯಕ್ಕೆ ಸರಿಯಾಗಿ ಕೇಳಿದರೆ ಅವರೇ ಮುಂದಿನದನ್ನು ಹೇಳುತ್ತಾರೆ.

ಬಂದಾಗ ವಿಳಾಸ ನೋಂದಾಯಿಸಿದ ನಗರ ಕಚೇರಿಯಲ್ಲಿಯೇ ಹೋಗುವಾಗ ಹೆಸರು ತೆಗೆಸಬೇಕು. ಇದಕ್ಕೆ ಆಬ್‌ಮೆಲ್ಡುಂಗ್ ಎನ್ನುತ್ತಾರೆ. ಕೋಣೆ ಬಿಡುವ ದಿನಕ್ಕೆ ಒಂದು ವಾರ ಇರುವಾಗಿನಿಂದ ಇದನ್ನು ಮಾಡಬಹುದು, ಬಿಟ್ಟ ಮೇಲೆ ಎರಡು ವಾರದೊಳಗೆ ಮಾಡಲೇಬೇಕು. ಅಲ್ಲಿ ಕೊಡುವ ಚೀಟಿಯನ್ನು ಚಿತ್ರ ತೆಗೆದು ಇಟ್ಟುಕೊಳ್ಳಿ, ಏಕೆಂದರೆ ಮುಂದಿನ ಹಲವು ಕಚೇರಿಗಳು ಅದನ್ನೇ ಕೇಳುತ್ತವೆ. ರೇಡಿಯೋ ಮತ್ತು ದೂರದರ್ಶನದ ಹೆಸರಿನಲ್ಲಿ ಪ್ರತಿ ಮನೆಗೆ ತಿಂಗಳಿಗೆ 18.36 ಯೂರೋ ಶುಲ್ಕವಿದೆ. ಟಿವಿ ಇಲ್ಲದಿದ್ದರೂ ಅದನ್ನು ಕೊಡಬೇಕು, ಹೊರಡುವಾಗ ರದ್ದು ಮಾಡಿಸದಿದ್ದರೆ ತುಮರಿಯಲ್ಲಿ ಕುಳಿತಿರುವವರ ಹೆಸರಿನಲ್ಲಿಯೂ ಬಾಕಿ ಬೆಳೆಯುತ್ತಿರುತ್ತದೆ. ಆರೋಗ್ಯ ವಿಮೆಗೂ ಮೊಬೈಲ್ ಕರಾರಿಗೂ ಪತ್ರ ಬರೆದು ಉತ್ತರ ಬಂದಿದೆಯೇ ಎಂದು ನೋಡಿಕೊಳ್ಳಿ. ಬ್ಯಾಂಕ್ ಖಾತೆಯನ್ನು ಮಾತ್ರ ಆತುರದಿಂದ ಮುಚ್ಚಬೇಡಿ. ಕೋಣೆಯ ಠೇವಣಿ ಹಿಂದಿರುಗಲು ಹಲವು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ, ಅದು ಬಂದು ಸೇರುವುದಕ್ಕೆ ಒಂದು ಜಾಗ ಬೇಕು.

ನೀವು ಎಂದಿನಿಂದ ಎಂದಿನವರೆಗೆ ಅಲ್ಲಿದ್ದಿರಿ ಎಂಬ ದೃಢೀಕರಣ ಪತ್ರಕ್ಕೆ ಹೊರಡುವ ವಾರದಲ್ಲಿಯೇ ಸಹಿ ಮತ್ತು ಮೊಹರು ಹಾಕಿಸಿಕೊಳ್ಳಿ. ಅಂಕಪಟ್ಟಿ ಆಮೇಲೆ ಬರುತ್ತದೆ. ಅದನ್ನು ಅಂಚೆಯಲ್ಲಿ ಮಾತ್ರವಲ್ಲದೆ ಇಮೇಲಿನಲ್ಲಿಯೂ ಕಳಿಸುವಂತೆ ಕೇಳಿಕೊಳ್ಳಿ, ವಿಶ್ವವಿದ್ಯಾಲಯದ ಇಮೇಲ್ ವಿಳಾಸ ನೀವು ಬಂದ ಮೇಲೆ ನಿಂತುಹೋಗಬಹುದಾದ್ದರಿಂದ ನಿಮ್ಮ ಸ್ವಂತ ವಿಳಾಸವನ್ನು ಕೊಡಿ. ನಿವಾಸದ ಪರವಾನಗಿಯ ಕೊನೆಯ ದಿನಾಂಕವನ್ನು ಇನ್ನೊಮ್ಮೆ ನೋಡಿ. ಕಾಗದದ ಮಾತು ಇಷ್ಟು ಸಾಕು.

ಮೂರನೆಯ ಹೆಜ್ಜೆ: ಕೋಣೆ, ಅರಿಶಿನದ ಕಲೆ, ಕುಕ್ಕರ್

ವಿದ್ಯಾರ್ಥಿ ನಿಲಯದ ಕರಾರು ಬಹುತೇಕ ನಿಶ್ಚಿತ ಅವಧಿಯದಾಗಿರುತ್ತದೆ. ಖಾಸಗಿ ಮನೆಯಾದರೆ ಸಾಮಾನ್ಯವಾಗಿ ಮೂರು ತಿಂಗಳ ಮೊದಲೇ ಸಹಿ ಮಾಡಿದ ಪತ್ರ ಕೊಡಬೇಕಾಗುತ್ತದೆ, ಹಾಗಾಗಿ ಸೆಮಿಸ್ಟರಿನ ಅರ್ಧದಲ್ಲಿಯೇ ಕರಾರನ್ನು ತೆಗೆದು ಓದಿ. ಬಿಡುವ ದಿನ ಒಬ್ಬರು ಬಂದು ಗೋಡೆ, ಕಿಟಕಿ, ಒಲೆ, ಹಾಸಿಗೆ ಎಲ್ಲವನ್ನೂ ನೋಡಿ ಒಂದು ಪತ್ರದಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಅದಕ್ಕೆ ನೀವೂ ಸಹಿ ಹಾಕುತ್ತೀರಿ. ಬಂದ ದಿನವೇ ಕೋಣೆಯ ಚಿತ್ರಗಳನ್ನು ತೆಗೆದಿಟ್ಟುಕೊಂಡವರಿಗೆ ಈ ಹೊತ್ತಿನಲ್ಲಿ ಧೈರ್ಯವಿರುತ್ತದೆ.

ನಮ್ಮವರ ಕೋಣೆಗಳಲ್ಲಿ ಸಿಕ್ಕಿಬೀಳುವುದು ಅರಿಶಿನ. ಅಡುಗೆಮನೆಯ ಬಿಳಿ ಕಟ್ಟೆಯ ಮೇಲೆ ಒಗ್ಗರಣೆಯ ಸೌಟನ್ನು ನಾನು ಒಂದು ರಾತ್ರಿ ಹಾಗೆಯೇ ಇಟ್ಟು ಮಲಗಿದ್ದೆ. ಬೆಳಗ್ಗೆ ಸೌಟಿನ ಆಕಾರದ್ದೇ ಒಂದು ಹಳದಿ ಗುರುತು ಮೂಡಿತ್ತು. ಸೋಪಿನ ನೀರಿಗೆ ಅದು ಜಗ್ಗಲಿಲ್ಲ. ಅಡುಗೆ ಸೋಡಾವನ್ನು ಸ್ವಲ್ಪ ನೀರಿನಲ್ಲಿ ಕಲಸಿ ಹಚ್ಚಿ ಒಂದು ಗಂಟೆ ಬಿಟ್ಟು ಒರೆಸಿದಾಗ ಮಾಸಿತೇ ಹೊರತು ಹೋಗಲಿಲ್ಲ. ಅರಿಶಿನದ ಬಣ್ಣವನ್ನು ನಿಜವಾಗಿ ತೆಗೆಯುವುದು ಬಿಸಿಲು, ಅದಕ್ಕೇ ನಮ್ಮ ಮನೆಗಳಲ್ಲಿ ಅರಿಶಿನ ಹಿಡಿದ ಬಟ್ಟೆಯನ್ನು ಒಗೆದು ಅಂಗಳದಲ್ಲಿ ಹರವುತ್ತಾರೆ. ಆದರೆ ಫೆಬ್ರವರಿಯ ಜರ್ಮನಿಯಲ್ಲಿ ಬಿಸಿಲು ಎಲ್ಲಿಂದ ತರುವುದು? ಆ ಗುರುತಿಗಾಗಿ ನನ್ನ ಠೇವಣಿಯಲ್ಲಿ ಸ್ವಲ್ಪ ಹಣ ಮುರಿದುಕೊಂಡರು. ತಪ್ಪು ನನ್ನದೇ ಆಗಿತ್ತು. ಅರಿಶಿನದ ಕೆಲಸವನ್ನು ಒಂದು ಹಳೆಯ ತಟ್ಟೆಯ ಮೇಲಿಟ್ಟುಕೊಂಡೇ ಮಾಡಿ, ಕಲೆ ಬಿದ್ದರೆ ಅದೇ ಕ್ಷಣ ಒರೆಸಿ.

ಇನ್ನು ಸಾಮಾನು. ಕೂಡಿಟ್ಟ ಖಾಲಿ ಬಾಟಲಿಗಳನ್ನು ಅಂಗಡಿಯ ಯಂತ್ರಕ್ಕೆ ಹಾಕಿ, ಕೊಳ್ಳುವಾಗ ಕೊಟ್ಟ ಮುಂಗಡದ ಹಣವನ್ನು ಹಿಂಪಡೆಯಿರಿ. ಒಮ್ಮೆ ಬಳಸಿ ಬಿಡುವ ಪ್ಲಾಸ್ಟಿಕ್ ಬಾಟಲಿಯೊಂದಕ್ಕೆ 25 ಸೆಂಟ್ ಸಿಗುತ್ತದೆ, ಕೊನೆಯ ವಾರದ ಬ್ರೆಡ್ಡಿನ ಖರ್ಚು ಅದರಲ್ಲಿ ಕಳೆಯುತ್ತದೆ. ಬೇಡವಾದ ಪಾತ್ರೆಪಗಡಿಯನ್ನು ಒಂದು ಪೆಟ್ಟಿಗೆಯಲ್ಲಿಟ್ಟು 'ಉಚಿತವಾಗಿ ಕೊಡುವುದಕ್ಕೆ' ಎಂದು ಬರೆದು ಬಾಗಿಲ ಹೊರಗಿಡುವ ಒಳ್ಳೆಯ ಪದ್ಧತಿ ಅಲ್ಲಿದೆ. ಸೈಕಲ್ಲನ್ನು ಮಾರುವಾಗ ಅಥವಾ ಕೊಡುವಾಗ ಅದು ಇನ್ನು ಅವರದೆಂದು ಎರಡು ಸಾಲಿನ ಚೀಟಿ ಬರೆದುಕೊಡಿ. ಪ್ರೆಶರ್ ಕುಕ್ಕರನ್ನು ಮಾತ್ರ ಪೆಟ್ಟಿಗೆಗೆ ಹಾಕಬೇಡಿ; ಮುಂದಿನ ಸೆಮಿಸ್ಟರಿಗೆ ಬರುವ ನಮ್ಮವರು ಯಾರಾದರೂ ಇದ್ದೇ ಇರುತ್ತಾರೆ. ನನ್ನದು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೊಂಡ ಮೂರು ಲೀಟರಿನ ಕುಕ್ಕರ್. ಅದನ್ನು ಮುಂದಿನವಳಿಗೆ ಕೊಡುವಾಗ ಒಂದು ಹೊಸ ಗ್ಯಾಸ್ಕೆಟನ್ನೂ, ಸೀಟಿ ಕೂಗಿದರೆ ಪಕ್ಕದ ಕೋಣೆಯವರು ಹೆದರಿ ಓಡಿಬರುತ್ತಾರೆ, ಅವರಿಗೆ ಮೊದಲೇ ಹೇಳಿಡು ಎಂಬ ಚೀಟಿಯನ್ನೂ ಜೊತೆಗಿಟ್ಟೆ. ಅಂಥ ಚೀಟಿಯೂ ಒಂದು ಬಗೆಯ ವಿದಾಯವೇ, ನೀವು ನೋಡಿರದವರಿಗೆ ಹೇಳುವಂಥದ್ದು.

ನಾಲ್ಕನೆಯ ಹೆಜ್ಜೆ: ಒಬ್ಬೊಬ್ಬರಿಗೆ ಒಂದೊಂದು ರೀತಿ

ಪ್ರಾಧ್ಯಾಪಕರನ್ನು ಅವರು ವಿದ್ಯಾರ್ಥಿಗಳಿಗೆಂದು ಗೊತ್ತುಮಾಡಿರುವ ಗಂಟೆಯಲ್ಲಿಯೇ, ಮೊದಲೇ ಬರೆದು ತಿಳಿಸಿ, ಕಾಣಬೇಕು. ಹತ್ತು ನಿಮಿಷ ಸಾಕು. ಅವರ ತರಗತಿಯಲ್ಲಿ ನಿಮಗೆ ಹೊಸದಾಗಿ ಹೊಳೆದದ್ದನ್ನು ಒಂದು ಉದಾಹರಣೆಯೊಡನೆ ಹೇಳಿ. ಮುಂದೆ ಶಿಫಾರಸು ಪತ್ರ ಬೇಕಾಗಬಹುದೆಂದಿದ್ದರೆ ಅದನ್ನೂ ಆಗಲೇ ಕೇಳಿಬಿಡಿ. ನಮ್ಮ ಹುಡುಗರಿಗೆ ಇದು ಮುಜುಗರ ತರುತ್ತದೆ, ಕೃತಜ್ಞತೆಯ ಜೊತೆಗೆ ಕೆಲಸದ ಮಾತು ಬೆರೆಸಿದರೆ ಏನೆಂದುಕೊಳ್ಳುತ್ತಾರೋ ಎನಿಸುತ್ತದೆ. ಅವರು ಏನೂ ಅಂದುಕೊಳ್ಳುವುದಿಲ್ಲ. ಒಂದು ವರ್ಷದ ನಂತರ ಮುಖ ನೆನಪಿಲ್ಲದಾಗ ಇಮೇಲಿನಲ್ಲಿ ಕೇಳಿದರೆ ಅವರಿಗೆ ಬರೆಯುವುದೇ ಕಷ್ಟವಾಗುತ್ತದೆ. ಅಂದಹಾಗೆ, ಕಾಲಿಗೆ ನಮಸ್ಕರಿಸಲು ಬಗ್ಗಬೇಡಿ. ನಾನು ಅಭ್ಯಾಸಬಲದಿಂದ ಅರ್ಧ ಬಗ್ಗಿದಾಗ ಅವರು ನನ್ನದೇನೋ ಕೆಳಗೆ ಬಿತ್ತೆಂದು ತಾವೂ ಬಗ್ಗಿ ನೆಲ ಹುಡುಕಿದರು. ಎದ್ದು ನಿಂತು, ಕಣ್ಣು ನೋಡಿ, ಕೈ ಕುಲುಕಿದರೆ ಗೌರವ ಪೂರ್ತಿ ಸಲ್ಲುತ್ತದೆ.

ಜೊತೆಯಲ್ಲಿದ್ದವರ ವಿಷಯದಲ್ಲಿ ಇನ್ನೊಂದು ತೊಡಕಿದೆ. ನಮ್ಮಲ್ಲಿ ಮನೆಯವರಿಗೂ ಹತ್ತಿರದವರಿಗೂ ಧನ್ಯವಾದ ಹೇಳುವುದಿಲ್ಲ. ಹೇಳಿದರೆ ದೂರ ಮಾಡಿದಂತಾಗುತ್ತದೆ. ಅತ್ತೆಯ ಮನೆಯಲ್ಲಿ ಹದಿನೈದು ದಿನ ಉಂಡು ಹೊರಡುವಾಗ 'ಹೋಗ್ಬತ್ತೀನಿ ಅತ್ತೆ' ಎಂದರೆ ಅದರಲ್ಲೇ ಎಲ್ಲವೂ ಬಂತು. ಅಲ್ಲಿ ಹಾಗಲ್ಲ. ಹೇಳದಿದ್ದರೆ ನಿಮಗೆ ಗೊತ್ತಾಗಲೇ ಇಲ್ಲವೆಂದು ಅವರು ತಿಳಿಯುತ್ತಾರೆ. ಹಾಗೆಂದು 'ಎಲ್ಲದಕ್ಕೂ ಧನ್ಯವಾದ' ಎಂದರೆ ಅದು ಅಂಗಡಿಯ ಮಾತಾಗುತ್ತದೆ. ಒಬ್ಬೊಬ್ಬರಿಗೂ ಒಂದೊಂದು ಸಂಗತಿಯನ್ನು ಆರಿಸಿ ಹೇಳಬೇಕು: ಮೊದಲ ವಾರ ಕಸವನ್ನು ಯಾವ ಡಬ್ಬಿಗೆ ಹಾಕಬೇಕೆಂದು ನಾಲ್ಕು ಸಲ ತೋರಿಸಿದ್ದು, ವಿಮೆಯ ಕಚೇರಿಗೆ ನಿಮ್ಮ ಪರವಾಗಿ ಫೋನ್ ಮಾಡಿದ್ದು, ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುವುದನ್ನು ಕಂಡು ಮನಸ್ಸು ಕುಗ್ಗಿದ್ದಾಗ ಕೇಳದೆಯೇ ಚಹಾ ತಂದಿಟ್ಟದ್ದು.

ಎದುರಿಗೆ ಹೇಳಲು ಬಾಯಿ ಬರದಿದ್ದರೆ ಪತ್ರ ಬರೆಯಿರಿ, ಕೈಬರಹದಲ್ಲಿಯೇ ಬರೆಯಿರಿ. ಅರ್ಧ ಪುಟ ಸಾಕು. ಜರ್ಮನ್ ಭಾಷೆಯಲ್ಲಿ 'ನೀನು' ಮತ್ತು 'ನೀವು' ಬೇರೆ ಬೇರೆ ಇವೆ. ಇಂಗ್ಲಿಷಿನವರು ತಡವರಿಸುವ ಈ ಜಾಗದಲ್ಲಿ ಕನ್ನಡದವರಿಗೆ ಕಷ್ಟವಿಲ್ಲ, ಮಾತಿನಲ್ಲಿ ಯಾವುದನ್ನು ಬಳಸುತ್ತಿದ್ದಿರೋ ಪತ್ರದಲ್ಲಿಯೂ ಅದನ್ನೇ ಇಟ್ಟುಕೊಳ್ಳಿ. ಕೊನೆಯಲ್ಲಿ ಕನ್ನಡದಲ್ಲಿ ಒಂದು ಸಾಲು ಬರೆದು ಕೆಳಗೆ ಅದರ ಅರ್ಥ ಕೊಡಿ. ನಾನು ಬರೆದದ್ದು 'ಹೋಗಿ ಬರುತ್ತೇನೆ' ಎಂದು. ನಮ್ಮಲ್ಲಿ 'ಹೋಗುತ್ತೇನೆ' ಎಂದು ಯಾರೂ ಹೇಳುವುದಿಲ್ಲ, ಹೇಳಿದರೆ ಹಿರಿಯರು ಗದರುತ್ತಾರೆ ಎಂದು ವಿವರಿಸಿದಾಗ, ನನ್ನ ಕೋಣೆಯ ಪಕ್ಕದವಳು ತಮ್ಮ 'ಆಉಫ್ ವೀಡರ್‌ಸೇಹೆನ್' ಎಂಬ ಮಾತಿನ ಅರ್ಥವೂ ಮತ್ತೆ ಕಾಣುವ ತನಕ ಎಂದೇ ಅಲ್ಲವೇ ಎಂದಳು. ದಿನಕ್ಕೆ ಹತ್ತು ಸಲ ಅಂಗಡಿಯಲ್ಲಿ ಕೇಳಿದ್ದ ಆ ಮಾತನ್ನು ನಾನು ಬಿಡಿಸಿ ನೋಡಿರಲೇ ಇಲ್ಲ.

ವಿನಿಮಯಕ್ಕೆ ಬಂದಿದ್ದ ಇತರ ದೇಶದವರ ವಿದಾಯ ಬೇರೆ ಜಾತಿಯದು. ಜರ್ಮನಿಯ ಗೆಳೆಯರನ್ನು ಮತ್ತೆ ನೋಡಬೇಕೆಂದರೆ ಹೋಗುವುದಕ್ಕೆ ಒಂದು ಊರಿದೆ. ಸ್ಪೇನಿನವಳು, ಬ್ರೆಜಿಲಿನವನು, ಕೊರಿಯಾದವಳು ಮತ್ತು ನೀವು ಕುಳಿತಿದ್ದ ಆ ಅಡುಗೆಮನೆಯ ಮೇಜು ಮಾತ್ರ ಇನ್ನೆಲ್ಲಿಯೂ ಸಿಗುವುದಿಲ್ಲ. ಹಾಗಾಗಿ ಆ ಗುಂಪು ಚದುರುವ ಮೊದಲೇ, ಯಾರೊಬ್ಬರೂ ಹೊರಟಿರದ ಒಂದು ಸಂಜೆಯನ್ನು ಗೊತ್ತುಮಾಡಿ. ಒಬ್ಬೊಬ್ಬರಾಗಿ ಹೋಗುವಾಗ ಆರು ಸಲ ರೈಲ್ವೆ ನಿಲ್ದಾಣಕ್ಕೆ ಹೋಗಿ ಅತ್ತು ಬರುವುದು ಕೊನೆಗೆ ಉಳಿದವರಿಗೆ ಬಹಳ ಭಾರವಾಗುತ್ತದೆ, ನಾನು ಐದನೆಯವಳಾಗಿದ್ದೆ.

ಐದನೆಯ ಹೆಜ್ಜೆ: ಊಟ ಹಾಕುವವರು ನೀವೇ

ನಮ್ಮ ಕಡೆ ಊರು ಬಿಟ್ಟು ಹೋಗುವವರನ್ನು ಉಳಿಯುವವರು ಕರೆದು ಊಟ ಹಾಕುತ್ತಾರೆ. ಪರದೇಶಕ್ಕೆ ಹೊರಟ ಹುಡುಗಿ ತಿಂಗಳೊಪ್ಪತ್ತು ಮನೆಯಲ್ಲಿ ಊಟ ಮಾಡುವುದೇ ಇಲ್ಲ, ದಿನಕ್ಕೊಂದು ಮನೆಯ ಪಾಯಸ. ಜರ್ಮನಿಯಲ್ಲಿ ಇದು ತಿರುವುಮುರುವು: ಹೊರಡುವವರೇ ಉಳಿಯುವವರನ್ನು ಕರೆಯುತ್ತಾರೆ, ಹುಟ್ಟುಹಬ್ಬದ ಕೇಕನ್ನು ಹುಟ್ಟುಹಬ್ಬದವರೇ ತರುವ ಹಾಗೆ. ಇದು ಗೊತ್ತಿಲ್ಲದೆ, ಯಾರೂ ನನಗೆ ಏನೂ ಏರ್ಪಾಟು ಮಾಡಲಿಲ್ಲವಲ್ಲ ಎಂದು ನಾನು ಒಂದು ವಾರ ಒಳಗೊಳಗೇ ಕುದಿದೆ. ಅವರೋ, ಇವಳು ನಮ್ಮನ್ನು ಕರೆಯಲೇ ಇಲ್ಲವಲ್ಲ ಎಂದುಕೊಂಡಿದ್ದರು.

ಆದ್ದರಿಂದ ಮೂರು ವಾರ ಮೊದಲೇ ಕರೆಯಿರಿ. ಶನಿವಾರ ಸಂಜೆ ಅನುಕೂಲ; ಭಾನುವಾರವಾದರೆ ಅಲ್ಲಿ ಅಂಗಡಿಗಳು ಮುಚ್ಚಿರುತ್ತವೆ, ಕೊತ್ತಂಬರಿ ಸೊಪ್ಪು ತರುವುದು ಮರೆತರೆ ಮರೆತಂತೆಯೇ. ರಾತ್ರಿ ಹತ್ತರ ನಂತರ ಗದ್ದಲ ಮಾಡಬಾರದೆಂಬ ನಿಯಮವಿದೆ, ನೆರೆಯವರಿಗೆ ಮೊದಲೇ ಒಂದು ಚೀಟಿ ಅಂಟಿಸಿ. ಯಾರು ಮಾಂಸ ತಿನ್ನುವುದಿಲ್ಲ, ಯಾರು ಹಾಲು ಮುಟ್ಟುವುದಿಲ್ಲ, ಯಾರಿಗೆ ಗೋಡಂಬಿ ಕಡಲೆಬೀಜ ಆಗುವುದಿಲ್ಲ ಎಂಬುದನ್ನು ಕೇಳಿಕೊಳ್ಳಿ.

ಅಡುಗೆಯನ್ನು ದೊಡ್ಡದು ಮಾಡಲು ಹೋಗಬೇಡಿ. ಕಡುಬು, ಪತ್ರೊಡೆ ಎಂದು ಕನಸು ಕಂಡರೆ ಕೆಸುವಿನ ಎಲೆ ಹುಡುಕುವುದರಲ್ಲಿಯೇ ದಿನ ಹೋಗುತ್ತದೆ. ನೀರುದೋಸೆ ಎಲ್ಲಕ್ಕಿಂತ ಸುಲಭ: ಏಷ್ಯಾದ ಸಾಮಾನಿನ ಅಂಗಡಿಯಲ್ಲಿ ಅಕ್ಕಿಹಿಟ್ಟು ಸಿಗುತ್ತದೆ, ಒಂದು ಲೋಟ ಹಿಟ್ಟಿಗೆ ಎರಡೂವರೆ ಲೋಟ ನೀರು, ಉಪ್ಪು, ಒಂದು ಹಿಡಿ ತುರಿದ ಕಾಯಿ. ಅಂಟು ಹಿಡಿಯದ ಬಾಣಲೆ ಚೆನ್ನಾಗಿ ಕಾದ ಮೇಲೆ ಹಿಟ್ಟನ್ನು ಪ್ರತಿ ಸಲವೂ ತಳದಿಂದ ಕಲಕಿ ಹೊಯ್ಯಬೇಕು, ಇಲ್ಲದಿದ್ದರೆ ಮೊದಲ ನಾಲ್ಕು ದೋಸೆ ನೀರಾಗಿ ಕೊನೆಯ ನಾಲ್ಕು ಹಲಗೆಯಾಗುತ್ತವೆ. ಜೊತೆಗೆ ಪಾಲಕ್ ಸೊಪ್ಪಿನ ತಂಬುಳಿ; ಸೊಪ್ಪನ್ನು ಜೀರಿಗೆ, ಕಾಳುಮೆಣಸಿನೊಡನೆ ತುಪ್ಪದಲ್ಲಿ ಬಾಡಿಸಿ, ಕಾಯಿಯೊಂದಿಗೆ ರುಬ್ಬಿ, ಮೊಸರು ಸೇರಿಸಿದರೆ ಆಯಿತು. ಹಾಲು ಮುಟ್ಟದವರಿಗೆ ನಿಂಬೆಹಣ್ಣಿನ ಚಿತ್ರಾನ್ನ ಮಾಡಿಡಿ. ಮನೆಯಿಂದ ತಂದ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಯಲ್ಲಿ ಕೊನೆಗೆ ಉಳಿದಿದ್ದ ಎರಡು ಮಿಡಿಯನ್ನು ಸಣ್ಣಗೆ ಹೆಚ್ಚಿ ನಡುವೆ ಇಟ್ಟಿದ್ದೆ. ದೋಸೆಯನ್ನು ಒಬ್ಬೊಬ್ಬರ ಕೈಯಲ್ಲಿಯೂ ಹೊಯ್ಯಿಸಿ. ಭಾಷಣ ಮಾಡಬೇಕಾದ ತೊಂದರೆ ತಪ್ಪುತ್ತದೆ, ಒಲೆಯ ಮುಂದೆ ನಿಂತಾಗ ಮಾತು ತಾನಾಗಿ ಬರುತ್ತದೆ.

ಆರನೆಯ ಹೆಜ್ಜೆ: ಏನು ಕೊಡುವುದು

ಹೊರಡುವಾಗ ಕೊಡಬೇಕಾದದ್ದನ್ನು ಇಲ್ಲಿಂದ ಹೋಗುವಾಗಲೇ ಸೂಟ್‌ಕೇಸಿನ ಅಡಿಯಲ್ಲಿಟ್ಟುಕೊಳ್ಳಬೇಕು. ಹಗುರವಾಗಿರಬೇಕು, ಒಡೆಯಬಾರದು, ಅದರ ಹಿಂದೆ ಹೇಳಲು ಒಂದು ಸಂಗತಿ ಇರಬೇಕು. ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ಚರಕ ಸಂಸ್ಥೆಯ ಮಹಿಳೆಯರು ನೈಸರ್ಗಿಕ ಬಣ್ಣ ಹಾಕಿ ನೇಯುವ ಹತ್ತಿಯ ಬಟ್ಟೆ ಒಳ್ಳೆಯದು. ಸಾಗರದ ಗುಡಿಗಾರರ ಕೆತ್ತನೆ ಪ್ರಸಿದ್ಧ, ಆದರೆ ಗಂಧದ ಮರದ ವಸ್ತುವಿನ ತಂಟೆಗೆ ಹೋಗದೆ ಬೇರೆ ಮರದ ಸಣ್ಣ ಕೆತ್ತನೆಯನ್ನು ರಸೀದಿಯೊಡನೆ ಕೊಳ್ಳಿ.

ನಾನು ಒಯ್ದದ್ದು ಹಸೆ ಚಿತ್ತಾರ. ಸಾಗರ, ಸೊರಬ ಕಡೆಯ ದೀವರ ಸಮುದಾಯದ ಮನೆಗಳಲ್ಲಿ ಮದುವೆಯ ಹೊತ್ತಿಗೆ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹೆಂಗಸರು ಬರೆಯುವ ಈ ಚಿತ್ತಾರಕ್ಕೆ ಬಿಳಿಯ ಬಣ್ಣ ನೆನೆಸಿದ ಅಕ್ಕಿಯನ್ನು ಅರೆದದ್ದು, ಕಪ್ಪು ಹುರಿದು ಕರಿಮಾಡಿದ ಅಕ್ಕಿಯದು, ಹಳದಿ ಗುರಿಗೆ ಕಾಯಿಯದು, ಕುಂಚ ಪುಂಡಿನಾರಿನದು. ನಮ್ಮ ಅಜ್ಜಿ ಗೋಡೆಯ ಬದಲು ಕೆಮ್ಮಣ್ಣು ಬಳಿದ ದಪ್ಪ ಕಾಗದದ ಚೌಕಗಳ ಮೇಲೆ ಎಳೆಗಳನ್ನು ಬರೆದುಕೊಟ್ಟಿದ್ದಳು, ಒಂದೊಂದೂ ಒಂದು ಗೇಣಿನಷ್ಟು. ಎಂಟು ಚೌಕಗಳು ಒಂದು ನೋಟ್‌ಬುಕ್ಕಿನೊಳಗೆ ಮಡಿಕೆಯಾಗದೆ ಹೋದವು. ಕೊಡುವಾಗ ಹಿಂಬದಿಯಲ್ಲಿ ಯಾವ ಬಣ್ಣ ಯಾವುದರಿಂದ ಎಂದು ಬರೆದೆ. ಅಲ್ಲಿ ಉಡುಗೊರೆಯನ್ನು ಕೊಟ್ಟವರ ಎದುರಿಗೇ ಬಿಚ್ಚಿ ನೋಡುತ್ತಾರೆ. ನಮ್ಮಂತೆ ಒಳಗೆ ತೆಗೆದುಕೊಂಡು ಹೋಗಿ ಇಡುವುದಿಲ್ಲ. ಬಿಚ್ಚುವ ತನಕ ನೀವು ಅಲ್ಲಿಯೇ ನಿಂತಿರಬೇಕು.

ಒಂದು ಎಚ್ಚರಿಕೆ. ಮನೆಯವರು ಆಮೇಲೆ ಪಾರ್ಸೆಲ್ಲಿನಲ್ಲಿ ತುಪ್ಪ, ಪೇಡ ಕಳಿಸುತ್ತೇವೆಂದು ಹೊರಡುತ್ತಾರೆ. ಯುರೋಪ್ ಒಕ್ಕೂಟಕ್ಕೆ ಹೊರಗಿನ ದೇಶಗಳಿಂದ ಹಾಲಿನ ಪದಾರ್ಥವನ್ನಾಗಲಿ ಮಾಂಸವನ್ನಾಗಲಿ ಹೀಗೆ ತರುವಂತಿಲ್ಲ, ಸಿಕ್ಕಿದರೆ ತೆಗೆದು ಬಿಸಾಡುತ್ತಾರೆ. ಅಮ್ಮನಿಗೆ ಇದನ್ನು ಒಪ್ಪಿಸುವುದಕ್ಕೆ ನನಗೆ ಮೂರು ಫೋನ್ ಕರೆ ಬೇಕಾದವು.

ಏಳನೆಯ ಹೆಜ್ಜೆ: ಮಾತು ಕೊಡುವಾಗ

'ನಮ್ಮೂರಿಗೆ ಬನ್ನಿ' ಎಂಬುದು ನಮ್ಮ ಬಾಯಿಗೆ ಸಲೀಸು. ಅಲ್ಲಿಯವರು ಅದನ್ನು ಕರೆ ಎಂದೇ ತೆಗೆದುಕೊಂಡು ಯಾವ ತಿಂಗಳು ಎಂದು ಕೇಳುತ್ತಾರೆ. ಉತ್ತರ ಸಿದ್ಧವಿಲ್ಲದಿದ್ದರೆ ಕರೆಯಬೇಡಿ, ಸಿದ್ಧವಿದ್ದರೆ ಬಾಯಿ ತುಂಬ ಕರೆಯಿರಿ. ಜೋಗ ತುಂಬಿ ಬೀಳುವುದನ್ನು ನೋಡಬೇಕಾದರೆ ಜುಲೈಯಿಂದ ಸೆಪ್ಟೆಂಬರ್, ಆದರೆ ಆಗ ಮಳೆ, ಮಂಜು, ಇಂಬಳ ಮೂರೂ ಇರುತ್ತವೆಂದು ಮುಚ್ಚಿಡದೆ ಹೇಳಿ; ಅಡಿಕೆ ಕೊಯ್ಲು, ಒಣ ಹವೆ, ಓಡಾಟಕ್ಕೆ ಅನುಕೂಲ ಬೇಕಾದರೆ ನವೆಂಬರಿನಿಂದ ಫೆಬ್ರವರಿ. ಶಿವಮೊಗ್ಗಕ್ಕೆ 2023ರಿಂದ ವಿಮಾನವೂ ಇದೆ, ಬೆಂಗಳೂರಿನಿಂದ ರಾತ್ರಿಯ ರೈಲೂ ಇದೆ. ಜರ್ಮನಿಯವರು ಭಾರತದ ಪ್ರವಾಸಿ ವೀಸಾಕ್ಕೆ ಆನ್‌ಲೈನಿನಲ್ಲಿಯೇ ಅರ್ಜಿ ಹಾಕಬಹುದು. ಅವರು ನಿಮ್ಮ ಮನೆಯಲ್ಲಿಯೇ ಉಳಿಯುವುದಾದರೆ, ಬಂದ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನಿನಲ್ಲಿ ತಿಳಿಸುವುದು ಮನೆಯವರ ಹೊಣೆ.

ದಿನವೂ ಫೋನ್ ಮಾಡುತ್ತೇನೆ ಎಂದು ಹೇಳಬೇಡಿ, ಅದು ಯಾರಿಂದಲೂ ಆಗುವುದಿಲ್ಲ. ತಿಂಗಳಿಗೊಂದು ಭಾನುವಾರ ಎಂದು ಗೊತ್ತುಮಾಡಿಕೊಂಡವರ ಸ್ನೇಹ ಉಳಿದಿರುವುದನ್ನು ಕಂಡಿದ್ದೇನೆ. ಮಾರ್ಚ್ ಕೊನೆಯ ಭಾನುವಾರ ಅಲ್ಲಿಯ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದೆ ಬರುತ್ತದೆ. ನಾವು ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಮುಂದಿರುತ್ತೇವೆ.

ಎಂಟನೆಯ ಹೆಜ್ಜೆ: ಹೊರಡುವ ದಿನ

ಯಾರು ನಿಲ್ದಾಣಕ್ಕೆ ಬರಬೇಕೆಂಬುದನ್ನು ಮೊದಲೇ ತೀರ್ಮಾನಿಸಿ. ಸಾಗರದ ಬಸ್ ನಿಲ್ದಾಣಕ್ಕೆ ಒಬ್ಬಳನ್ನು ಬಿಡಲು ಹನ್ನೊಂದು ಜನ ಬಂದದ್ದು ನನಗೆ ನೆನಪಿದೆ. ಅಲ್ಲಿ ಒಬ್ಬರೋ ಇಬ್ಬರೋ ಬಂದರೆ ಅದೇ ಹೆಚ್ಚು. ಜರ್ಮನಿಯ ರೈಲುಗಳು ನಿಮಿಷ ತಪ್ಪುವುದಿಲ್ಲವೆಂಬುದು ನಮ್ಮ ಊರಿನ ನಂಬಿಕೆ ಮಾತ್ರ, ಈಚೆಗೆ ಅವು ಚೆನ್ನಾಗಿಯೇ ತಡಮಾಡುತ್ತವೆ. ವಿಮಾನಕ್ಕೆ ಸರಿಹೊಂದುವ ರೈಲಿಗಿಂತ ಎರಡು ರೈಲು ಹಿಂದಿನದನ್ನು ಹಿಡಿಯಿರಿ. ಅಂಚೆಯವರು ಅಂಚೆಪೆಟ್ಟಿಗೆಯ ಮೇಲಿನ ಹೆಸರು ನೋಡಿಯೇ ಪತ್ರ ಹಾಕುವುದರಿಂದ ನಿಮ್ಮ ಹೆಸರಿನ ಚೀಟಿಯನ್ನು ಕೆಲವು ವಾರ ಹಾಗೆಯೇ ಬಿಡುವಂತೆ ಜೊತೆಯಲ್ಲಿದ್ದವರನ್ನು ಕೇಳಿಕೊಳ್ಳಿ. ಬೀಗದ ಕೈ ಕೊಡುವ ಮೊದಲು ಖಾಲಿ ಕೋಣೆಯಲ್ಲಿ ಒಂದು ನಿಮಿಷ ನಿಲ್ಲಿ. ಚಿತ್ರ ತೆಗೆಯುವುದಾದರೆ ಕಿಟಕಿಯಿಂದ ಕಾಣುತ್ತಿದ್ದುದರ ಚಿತ್ರ ತೆಗೆಯಿರಿ, ಆಮೇಲೆ ಬೇಕೆನಿಸುವುದು ಅದೊಂದೇ.

ಒಂಬತ್ತನೆಯ ಹೆಜ್ಜೆ: ಬಂದ ಮೇಲೆ

ತಲುಪಿದ ದಿನವೇ ಎಲ್ಲರಿಗೂ ಒಂದು ಸಾಲು ಕಳಿಸಿ, ಹತ್ತು ದಿನದೊಳಗೆ ಇಬ್ಬರಿಗೋ ಮೂವರಿಗೋ ನಿಜವಾದ ಪತ್ರ ಬರೆಯಿರಿ. ಅದಕ್ಕಿಂತ ತಡವಾದರೆ ಮನೆಯ ಕೆಲಸ, ಕಾಲೇಜಿನ ಬಾಕಿ ಪರೀಕ್ಷೆ, ನೋಡಲು ಬರುವ ನೆಂಟರು ಇವುಗಳಲ್ಲಿ ಅದು ಹೋಗಿಯೇಬಿಡುತ್ತದೆ. 'ಹೇಗಿತ್ತು?' ಎಂದು ಕೇಳುವವರಿಗೆ 'ಚೆನ್ನಾಗಿತ್ತು' ಎಂಬ ಉತ್ತರ ಸಾಕು, ಹೆಚ್ಚಿನವರು ಅದರಾಚೆಗೆ ಕೇಳುವುದಿಲ್ಲ. ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಮುಖತಃ ಹೇಳಲಾಗದೆ ಬಂದವರು ಯಾರಾದರೂ ಇದ್ದರೆ ಮೊದಲ ಪತ್ರ ಅವರಿಗೆ ಹೋಗಲಿ.

ನನಗೆ ಹಾಗೆ ಉಳಿದವರು ಎದುರು ಬಾಗಿಲಿನ ಅಜ್ಜಿ. ಜನವರಿಯಲ್ಲಿ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದ ಸಂಜೆ ನನ್ನನ್ನು ಒಳಗೆ ಕೂರಿಸಿ ಒಂದು ಜೊತೆ ಉಣ್ಣೆಯ ಕಾಲುಚೀಲ ಕೊಟ್ಟಿದ್ದರು. ಹೊರಡುವ ಹಿಂದಿನ ರಾತ್ರಿ ಬಾಗಿಲು ತಟ್ಟಿದರೆ ಒಳಗೆ ದೀಪವಿರಲಿಲ್ಲ. ಅವರು ಮಗಳ ಮನೆಗೆ ಹೋಗಿ ಒಂದು ವಾರವಾಗಿತ್ತು, ನಾನು ಕೇಳಿಕೊಂಡಿರಲಿಲ್ಲ. ಚಿತ್ತಾರದ ಕೊನೆಯ ಚೌಕವನ್ನು ಒಂದು ಲಕೋಟೆಯಲ್ಲಿಟ್ಟು ಬಾಗಿಲ ಸಂದಿಯಿಂದ ಒಳಗೆ ತಳ್ಳಿದೆ, ಊರಿಗೆ ಬಂದು ಪತ್ರ ಬರೆದೆ. ಉತ್ತರ ಬಂದಾಗ ಮುಂಗಾರು ಹಿಡಿದಿತ್ತು. ಅಂಚೆಯವರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ತಂದುಕೊಟ್ಟರು. ಒಂದು ಕಾರ್ಡು, ನಾಲ್ಕು ಸಾಲು. ಕಾಲು ಈಗ ಸರಿಯಿದೆಯೇ ಎಂದು ಕೇಳಿದ್ದರು, ಚೌಕಕ್ಕೆ ಕಟ್ಟು ಹಾಕಿಸಿದ್ದೇನೆ ಎಂದಿದ್ದರು, ಆದರೆ ಯಾವ ಕಡೆ ಮೇಲೆ ಬರಬೇಕು ಎಂಬುದು ತಿಳಿಯದೆ ಇನ್ನೂ ಮೇಜಿನ ಮೇಲೆಯೇ ಇಟ್ಟುಕೊಂಡಿದ್ದೇನೆ ಎಂದು ಬರೆದಿದ್ದರು. ಓದಿ ಹೇಳಿದೆ. ನಮ್ಮ ಅಜ್ಜಿ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ, 'ನಾಲ್ಕೂ ಕಡೆ ಒಂದೇ ಅಂತ ಬರಿ, ಹೆಂಗ್ ಬೇಕಾದ್ರೂ ಹಾಕ್ಕಳ್ಲಿ' ಎಂದಳು.